ಒಂದು ಮುಲಾಜಿನಿಂದ ಇನ್ನೊಂದಕ್ಕೆ: ಕೆನಡಾದ ಪ್ರಧಾನಿಗೆ ಬಹಿರಂಗ ಪತ್ರ

ಬೋಮನ್‌ವಿಲ್, ಒಂಟಾರಿಯೊ
ಫೆಬ್ರವರಿ 2026

ಮಾನ್ಯ ಪ್ರಧಾನಿ ಮಾರ್ಕ್ ಕಾರ್ನಿ ಅವರಿಗೆ,

ನಮಸ್ಕಾರಗಳು.

ನಿಮಗೆ ಕನ್ನಡ ಬಾರದೆಂದು ತಿಳಿದೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನೀವು ಪ್ರತಿನಿಧಿಸುವ ನೇಪಿಯನ್ ಕ್ಷೇತ್ರಕ್ಕೂ ಈ ಭಾಷೆಗೂ ಒಂದು ನಂಟಿದೆ. ನಿಮಗಿಂತ ಮೊದಲು ಅಲ್ಲಿಂದ ಆರಿಸಿ ಬರುತ್ತಿದ್ದವರು ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನ ಚಂದ್ರ ಆರ್ಯ. 2022ರ ಮೇ ತಿಂಗಳಲ್ಲಿ ಅವರು ಸಂಸತ್ತಿನಲ್ಲಿ ಎದ್ದು ಕನ್ನಡದಲ್ಲಿ ಮಾತಾಡಿದ ವಿಡಿಯೊವನ್ನು ನನಗೆ ಒಂದೇ ದಿನ ಹದಿನೇಳು ಮಂದಿ ಕಳಿಸಿದ್ದರು. 2025ರ ಮಾರ್ಚಿನಲ್ಲಿ ನಿಮ್ಮ ಪಕ್ಷ ಅವರ ಉಮೇದುವಾರಿಕೆಯನ್ನು ಹಿಂತೆಗೆದುಕೊಂಡಿತು, ಕ್ಷೇತ್ರ ನಿಮ್ಮ ಪಾಲಿಗೆ ಬಂತು. ಅದರ ಒಳಸುಳಿ ಈ ಪತ್ರದ ವಿಷಯವಲ್ಲ. ನೇಪಿಯನ್ ಸಂಸದರಿಗೆ ಕನ್ನಡದಲ್ಲಿ ಒಂದು ಕಾಗದ ಬಂದರೆ ಅದು ತೀರಾ ವಿಳಾಸ ತಪ್ಪಿದ ಕಾಗದವಲ್ಲ ಎಂದಷ್ಟೇ ಹೇಳಬೇಕಿತ್ತು.

ನಾನು ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸದವನು. ಹುಟ್ಟಿದ್ದು ಉತ್ತರ ಕನ್ನಡದ ಯಲ್ಲಾಪುರದ ಹತ್ತಿರ, ಅಡಿಕೆ ತೋಟದ ಮನೆಯಲ್ಲಿ. ಈ ದೇಶದ ಪೌರನಾಗಿ ಹದಿನಾಲ್ಕು ವರ್ಷವಾಯಿತು. ಅಮೆರಿಕದ ಸುಂಕ ಬಂದ ಮೇಲೆ ನಮ್ಮ ಸುತ್ತಮುತ್ತಲಿನ ಕಾರ್ಖಾನೆಗಳಲ್ಲಿ ಪಾಳಿಗಳು ಕಡಿಮೆಯಾಗಿವೆ. ನಾವು ಮಾಡುವ ಒಂದು ಭಾಗ ಟ್ರಕ್ಕಿನೊಳಗೆ ಸೇರಿಕೊಳ್ಳುವ ಮೊದಲು ಡೆಟ್ರಾಯಿಟ್ ನದಿಯನ್ನು ಮೂರು ನಾಲ್ಕು ಸಲ ದಾಟುತ್ತದೆ. ಹೀಗಾಗಿ ವಿದೇಶಾಂಗ ನೀತಿ ನನ್ನಂಥವನಿಗೆ ಆರಾಮಕುರ್ಚಿಯ ಚರ್ಚೆಯಾಗಿ ಉಳಿದಿಲ್ಲ. ಮುಂದಿನ ವಾರ ಎಷ್ಟು ದಿನ ಕೆಲಸವಿದೆ ಎಂಬ ಪ್ರಶ್ನೆ ಅದು.

ಜನವರಿ 20ರಂದು ದಾವೋಸ್‌ನ ವಿಶ್ವ ಆರ್ಥಿಕ ವೇದಿಕೆಯಲ್ಲಿ ನೀವು ಮಾಡಿದ ಭಾಷಣವನ್ನು ಎರಡು ಸಲ ಕೇಳಿದೆ. ಜೆಕ್ ಲೇಖಕ ವಾಕ್ಲಾವ್ ಹಾವೆಲ್ ಹೇಳಿದ ತರಕಾರಿ ಅಂಗಡಿಯವನನ್ನು ನೀವು ನೆನಪಿಸಿದಿರಿ. ಕಮ್ಯುನಿಸ್ಟ್ ಆಳ್ವಿಕೆಯಲ್ಲಿ ಆತ ದಿನವೂ ಬೆಳಿಗ್ಗೆ ಒಂದು ಘೋಷಣೆಯ ಬೋರ್ಡನ್ನು ಕಿಟಕಿಗೆ ತೂಗುಹಾಕುತ್ತಾನೆ. ಅದನ್ನು ಅವನೂ ನಂಬುವುದಿಲ್ಲ, ಬೀದಿಯಲ್ಲಿ ಹೋಗುವವರೂ ನಂಬುವುದಿಲ್ಲ. ಆದರೂ ತಂಟೆ ಬೇಡವೆಂದು ತೂಗುಹಾಕುತ್ತಾನೆ. ನಿಯಮಾಧಾರಿತ ಜಗತ್ತು ಎಂಬ ಬೋರ್ಡನ್ನು ನಾವೂ ಹಾಗೆಯೇ ಹಾಕಿಕೊಂಡಿದ್ದೆವು, ಬಲಿಷ್ಠರಿಗೆ ಒಂದು ನಿಯಮ ಉಳಿದವರಿಗೆ ಇನ್ನೊಂದು ಎಂಬುದು ನಮಗೆ ಗೊತ್ತಿತ್ತು, ಲಾಭವಿದ್ದುದರಿಂದ ಸುಮ್ಮನಿದ್ದೆವು ಎಂದು ನೀವು ಒಪ್ಪಿಕೊಂಡಿರಿ. ಅಧಿಕಾರದಲ್ಲಿರುವ ಪಶ್ಚಿಮದ ನಾಯಕರೊಬ್ಬರ ಬಾಯಲ್ಲಿ ಇಂಥ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಹಳ್ಳಿಯಲ್ಲಿದ್ದಾಗ ಅಪ್ಪ ರೇಡಿಯೊ ಮುಂದೆ ಕುಳಿತು ಈ ಮಾತನ್ನೇ ಬೇರೆ ಭಾಷೆಯಲ್ಲಿ, ಸ್ವಲ್ಪ ಒರಟಾಗಿ ಹೇಳುತ್ತಿದ್ದರು ಎನ್ನುವುದು ಬೇರೆ ಸಂಗತಿ.

ಕನ್ನಡದಲ್ಲಿ ಮುಲಾಜು ಎಂಬ ಮಾತೊಂದಿದೆ. ಎದುರಿಗಿರುವವರ ಋಣಕ್ಕೋ ಅಂತಸ್ತಿಗೋ ಸಂಬಂಧಕ್ಕೋ ಕಟ್ಟುಬಿದ್ದು, ಹೇಳಬೇಕಾದ್ದನ್ನು ಹೇಳದೆ ನುಂಗಿಕೊಳ್ಳುವುದು. ಅದರಲ್ಲಿ ಭಯವೂ ಇದೆ, ಮರ್ಯಾದೆಯೂ ಇದೆ, ಲೆಕ್ಕಾಚಾರವೂ ಇದೆ. ಅಂಗಡಿಯವನು ಬೋರ್ಡು ಹಾಕುವುದು ಮುಲಾಜಿಗೆ. ಅಮೆರಿಕದ ಮುಲಾಜಿನಿಂದ ಹೊರಬರುವ ಮಾತನ್ನು ನೀವು ಆಡಿದ್ದೀರಿ, ಸಂತೋಷ. ಆದರೆ ಕಳೆದ ಒಂದು ವರ್ಷ ನೋಡಿದರೆ, ಒಂದು ಬೋರ್ಡು ಇಳಿಸಿದ ಕೈಯೇ ಬೇರೆ ಕಿಟಕಿಗಳಲ್ಲಿ ಹೊಸ ಬೋರ್ಡು ತೂಗುಹಾಕುತ್ತಿದೆಯೇ ಎಂಬ ಅನುಮಾನ ನನಗೆ ಬಂದಿದೆ. ಅದನ್ನು ಹೇಳಲು ನನ್ನೂರಿನಿಂದಲೇ ಆರಂಭಿಸಬೇಕು.

ನಮ್ಮ ಮನೆಯಿಂದ ಘಟ್ಟ ಇಳಿದರೆ ಕಾಳಿ ನದಿಯ ದಂಡೆಯಲ್ಲಿ ಕೈಗಾ ಅಣುಸ್ಥಾವರವಿದೆ. ಅಲ್ಲಿರುವ ನಾಲ್ಕು ರಿಯಾಕ್ಟರುಗಳ ವಂಶಮೂಲ ನಿಮ್ಮ ದೇಶದ್ದು, ಅಂದರೆ ಈಗ ನನ್ನದೂ ಆದ ದೇಶದ್ದು. 1956ರ ಒಪ್ಪಂದದಂತೆ ಕೆನಡಾ ಭಾರತಕ್ಕೆ ಸೈರಸ್ ಎಂಬ ಸಂಶೋಧನಾ ರಿಯಾಕ್ಟರನ್ನು ಕೊಟ್ಟಿತು. ಅದಕ್ಕೆ ಭಾರಜಲ ಕೊಟ್ಟದ್ದು ಅಮೆರಿಕ. ಆಮೇಲೆ ರಾಜಸ್ಥಾನದಲ್ಲಿ ಕ್ಯಾಂಡು ಎಂಬ ಕೆನಡಾ ಮಾದರಿಯ ವಿದ್ಯುತ್ ರಿಯಾಕ್ಟರು ಎದ್ದಿತು. 1974ರಲ್ಲಿ ಪೋಖ್ರಾನ್‌ನಲ್ಲಿ ಭಾರತ ಅಣುಸ್ಫೋಟ ನಡೆಸಿದಾಗ ಬಳಸಿದ ಪ್ಲುಟೋನಿಯಂ ಸೈರಸ್‌ನಿಂದ ಬಂದದ್ದು. ಶಾಂತಿಗೆಂದು ಕೊಟ್ಟದ್ದನ್ನು ಬಾಂಬಿಗೆ ಬಳಸಿದರೆಂದು ಒಟ್ಟಾವಾದ ಕೆನಡಾ ಸರ್ಕಾರ ಸಿಟ್ಟಾಯಿತು. ಆ ಸಿಟ್ಟಿನಲ್ಲಿ ನ್ಯಾಯವಿತ್ತು. ಆದರೆ ಮಾಡಿದ್ದೇನು? ರಾಜಸ್ಥಾನದ ಎರಡನೇ ಘಟಕ ಅರ್ಧ ಆಗಿರುವಾಗಲೇ ಕೈ ಬಿಟ್ಟು ಎದ್ದು ಬಂದಿತು. ಭಾರತದ ಎಂಜಿನಿಯರುಗಳು ಅದನ್ನು ತಾವೇ ಮುಗಿಸಿದರು. ಆ ವಿನ್ಯಾಸವನ್ನೇ ತಿದ್ದಿ ತೀಡಿ ತಮ್ಮದಾಗಿಸಿಕೊಂಡರು. ಅದರ ಮೊಮ್ಮಕ್ಕಳು ನಮ್ಮ ಕೈಗಾದವು.

ನಮ್ಮೂರಿಗೆ ಅವು ಬೇಕಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕಾಡು ಹೋಗುತ್ತದೆ, ನದಿ ಹಾಳಾಗುತ್ತದೆ ಎಂದು ಜಿಲ್ಲೆಯೇ ಎದ್ದಿತ್ತು. ಶಿವರಾಮ ಕಾರಂತರು 1989ರಲ್ಲಿ ಆ ಇಳಿವಯಸ್ಸಿನಲ್ಲೂ ಲೋಕಸಭೆ ಚುನಾವಣೆಗೆ ನಿಂತರು, ಸೋತರು. ಅಪ್ಪ ಅವರ ಪರವಾಗಿ ಕರಪತ್ರ ಹಂಚಿದವರು. 1994ರಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಪದರ ಕುಸಿದುಬಿದ್ದಾಗ ಅಪ್ಪ ಎರಡು ದಿನ ಮಾತೇ ಆಡಲಿಲ್ಲ. ಇಷ್ಟೆಲ್ಲ ಆಗಿಯೂ ಅದೇ ಕೈಗಾದ ಒಂದನೇ ಘಟಕ 2018ರ ಡಿಸೆಂಬರಿನಲ್ಲಿ 962 ದಿನ ಎಡೆಬಿಡದೆ ನಡೆದು ಜಗತ್ತಿನ ದಾಖಲೆ ಬರೆಯಿತು. ಒಲೆ ನಿಮ್ಮ ಮನೆತನದ್ದು, ಸೌದೆ ಪೂರ್ತಿ ಭಾರತದ್ದು. ಕೈಗಾ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಕಾವಲಿನ ಪಟ್ಟಿಯಲ್ಲಿಲ್ಲ, ಆದ್ದರಿಂದ ಹೊರದೇಶದ ಯುರೇನಿಯಂ ಅಲ್ಲಿಗೆ ಹೋಗುವಂತಿಲ್ಲ. ಎರಡು ವರ್ಷ ಕಳೆಯುವುದರೊಳಗೆ ಆ ದಾಖಲೆ ಮುರಿಯಿತು. ಮುರಿದದ್ದು ಎಲ್ಲಿ? ನಾನೀಗ ಇರುವ ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷದ ದೂರದ ಡಾರ್ಲಿಂಗ್ಟನ್ ಅಣುಸ್ಥಾವರದಲ್ಲಿ. ಅದರ ಒಂದನೇ ಘಟಕ 1,106 ದಿನ ನಡೆಯಿತು. ಫೋನಿನಲ್ಲಿ ಹೇಳಿದರೆ ಅಪ್ಪ, "ನೀನು ಎಲ್ಲಿಗೆ ಹೋದರೂ ಅದು ಹಿಂದೆಯೇ ಬರುತ್ತದಲ್ಲ ಮಾರಾಯ" ಎಂದರು.

ಈ ಕಥೆಯನ್ನು ಇಷ್ಟು ಎಳೆದದ್ದು ಏಕೆಂದರೆ, 1974ರಲ್ಲಿ ಮುರಿದ ಅಣು ಸಹಕಾರಕ್ಕೆ ಮತ್ತೆ ಸಹಿ ಬಿದ್ದದ್ದು 2010ರಲ್ಲಿ. ಸಸ್ಕ್ಯಾಚೆವನ್ ಪ್ರಾಂತ್ಯದ ಯುರೇನಿಯಂ ಪೂರೈಕೆಗೆ ಒಪ್ಪಂದವಾದದ್ದು 2015ರಲ್ಲಿ. ನಲವತ್ತೊಂದು ವರ್ಷ. ಆ ಹೊತ್ತಿಗೆ ಅಮೆರಿಕ, ಫ್ರಾನ್ಸ್, ರಷ್ಯಾ ಮೂವರೂ ದೆಹಲಿಯ ಜೊತೆ ಅಣು ಒಪ್ಪಂದ ಮಾಡಿಕೊಂಡಾಗಿತ್ತು. ಅಮೆರಿಕ ಬಾಗಿಲು ತೆರೆದ ಮೇಲೆ ನಾವು ಒಳಗೆ ಹೋದೆವು. ಸಿಟ್ಟು ಮಾಡುವಾಗ ನಮ್ಮದೇ ತತ್ವ, ರಾಜಿಯಾಗುವಾಗ ವಾಷಿಂಗ್ಟನ್ನಿನ ಹಿಂದೆ ಸಾಲು. ನಮ್ಮ ಭಾರತ ನೀತಿಯ ಐವತ್ತು ವರ್ಷದ ಚರಿತ್ರೆ ಹೆಚ್ಚುಕಡಿಮೆ ಇಷ್ಟೇ.

ಇನ್ನು 2023. ಆ ವರ್ಷದ ಜೂನ್ 18ರಂದು ಬ್ರಿಟಿಷ್ ಕೊಲಂಬಿಯಾದ ಸರ್ರೆಯ ಗುರುದ್ವಾರದ ವಾಹನ ನಿಲ್ದಾಣದಲ್ಲಿ ಖಾಲಿಸ್ತಾನ್ ಪರ ನಾಯಕ ಹರ್ದೀಪ್ ಸಿಂಗ್ ನಿಜ್ಜರ್ ಕೊಲೆಯಾಯಿತು. ಸೆಪ್ಟೆಂಬರ್ 18ರಂದು ಆಗಿನ ಪ್ರಧಾನಿ ಜಸ್ಟಿನ್ ಟ್ರುಡೊ ಸಂಸತ್ತಿನಲ್ಲಿ ಭಾರತ ಸರ್ಕಾರದ ಏಜೆಂಟರ ಕಡೆಗೆ ಬೆರಳು ತೋರಿದರು. ಭಾರತ ನಿರಾಕರಿಸಿತು. ಮೂರು ದಿನಕ್ಕೆ ಕೆನಡಾದವರಿಗೆ ಭಾರತದ ವೀಸಾ ನಿಂತಿತು. ಅಕ್ಟೋಬರಿನಲ್ಲಿ ನಮ್ಮ 41 ರಾಜತಾಂತ್ರಿಕರು ಭಾರತ ಬಿಟ್ಟು ಬಂದರು. ಬೆಂಗಳೂರು, ಮುಂಬೈ, ಚಂಡೀಗಢದ ಕಾನ್ಸುಲೇಟುಗಳಲ್ಲಿ ಜನರನ್ನು ಕಂಡು ಮಾಡುವ ಕೆಲಸ ನಿಂತಿತು. ಆ ತಿಂಗಳೇ ಅಪ್ಪನ ವರ್ಷಾಂತಿಕ. ಭಾರತ ಮೂಲದ ವಿದೇಶಿ ಪೌರರು ವೀಸಾ ಇಲ್ಲದೆ ಹೋಗಿಬರಲು ಇರುವ ಓಸಿಐ ಕಾರ್ಡು ಮಾಡಿಸದೇ ಇದ್ದದ್ದು ನನ್ನ ಸೋಮಾರಿತನ, ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ. ಆದರೆ ಎರಡು ರಾಜಧಾನಿಗಳ ಜಗಳದಲ್ಲಿ ಯಲ್ಲಾಪುರದ ಒಂದು ಶ್ರಾದ್ಧಕ್ಕೆ ಮಗ ಇರಲಿಲ್ಲ ಎಂಬ ಸಂಗತಿ ಯಾವ ವರದಿಯಲ್ಲೂ ಬರುವುದಿಲ್ಲ ನೋಡಿ, ಅದಕ್ಕೇ ಇಲ್ಲಿ ಬರೆದೆ.

ಆ ಜಗಳದಲ್ಲಿ ನಾನು ಯಾರ ಪಕ್ಷ ಎಂದು ಇಲ್ಲಿನ ಕನ್ನಡದ ಗೆಳೆಯರು ಆಗಾಗ ಕೇಳುತ್ತಾರೆ. ನಮ್ಮ ನೆಲದಲ್ಲಿ ನಮ್ಮ ಪೌರನೊಬ್ಬನ ಕೊಲೆಯಾದರೆ, ಅವನ ರಾಜಕೀಯ ನನಗೆ ಎಷ್ಟೇ ಅಸಹ್ಯವಾಗಿರಲಿ, ಅದು ನ್ಯಾಯಾಲಯದಲ್ಲಿ ತೀರ್ಮಾನವಾಗಲೇಬೇಕು. ನಾಲ್ವರ ಮೇಲೆ ಆರೋಪವಿದೆ; ವಿಚಾರಣೆ ಪೂರ್ತಿ ನಡೆಯಲಿ. ಅದೇ ಉಸಿರಿನಲ್ಲಿ ಇನ್ನೊಂದು ಮಾತು. 1985ರ ಜೂನ್ 23ರಂದು ಐರ್ಲೆಂಡಿನ ಕಡಲ ಮೇಲೆ ಏರ್ ಇಂಡಿಯಾದ ಕನಿಷ್ಕ ವಿಮಾನ ಸ್ಫೋಟಗೊಂಡು 329 ಜನ ಸತ್ತರು. ಹೆಚ್ಚಿನವರು ಕೆನಡಾದ ಪೌರರು. ಬಾಂಬು ಹೊರಟದ್ದು ಇಲ್ಲಿಂದ, ಶಿಕ್ಷೆಯಾದದ್ದು ಒಬ್ಬನಿಗೆ. ನ್ಯಾಯಮೂರ್ತಿ ಜಾನ್ ಮೇಜರ್ ಆಯೋಗ ನಮ್ಮ ಪೊಲೀಸರ ಮತ್ತು ಗುಪ್ತಚರರ ಲೋಪಗಳನ್ನು ಬಿಡಿಸಿಟ್ಟದ್ದು 2010ರಲ್ಲಿ, ಇಪ್ಪತ್ತೈದು ವರ್ಷದ ನಂತರ. ಸತ್ತವರ ಹೆಸರುಗಳು ಸ್ವಲ್ಪ ಬೇರೆ ಥರ ಇದ್ದಿದ್ದರೆ ಇಷ್ಟು ಕಾಲ ಬೇಕಾಗುತ್ತಿತ್ತೇ ಎಂದು ನಾವು ಮನೆಯೊಳಗೆ ಕೇಳಿಕೊಳ್ಳುತ್ತೇವೆ. ಆ ದುರಂತಕ್ಕೆ ಕಾರಣವಾದ ಖಾಲಿಸ್ತಾನಿ ಉಗ್ರವಾದವನ್ನು ಹೊಗಳುವವರ ಮೆರವಣಿಗೆಗಳಲ್ಲಿ ಬೇರೆ ಬೇರೆ ಪಕ್ಷಗಳ ರಾಜಕಾರಣಿಗಳು ಕಂಡಿದ್ದಾರೆ. ಅದು ಮತಗಳ ಮುಲಾಜು.

ನೀವು ಬಂದ ಮೇಲೆ ಸಂಬಂಧ ಸುಧಾರಿಸಿದೆ. 2025ರ ಜೂನಿನಲ್ಲಿ ಮೋದಿಯವರನ್ನು ಕನನಾಸ್ಕಿಸ್‌ನ ಜಿ–7 ಸಭೆಗೆ ಕರೆದಿರಿ. ಆಗಸ್ಟಿನಲ್ಲಿ ಎರಡೂ ಕಡೆ ಹೈಕಮಿಷನರ್‌ಗಳ ನೇಮಕವಾಯಿತು. ನವೆಂಬರಿನಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಸಮಗ್ರ ವ್ಯಾಪಾರ ಒಪ್ಪಂದದ ಮಾತುಕತೆಗೆ ಮತ್ತೆ ಒಪ್ಪಿದಿರಿ. ಅದು ಮೊದಲು ಶುರುವಾದದ್ದು 2010ರಲ್ಲಿ ಎಂಬುದನ್ನು ಮರೆಯದಿರೋಣ. ಇದೆಲ್ಲ ಬೇಕಿತ್ತು. ನನಗೆ ಕಳವಳವಾಗುವುದು ಇದರ ಜೊತೆ ಬಂದ ಮೌನದ ಬಗ್ಗೆ. ಟ್ರುಡೊ ಕಾಲದಲ್ಲಿ ಸಂಸತ್ತಿನಲ್ಲಿ ಕೂಗಿ ಹೇಳಿದ್ದನ್ನು ನಿಮ್ಮ ಕಾಲದಲ್ಲಿ ಪಿಸುಮಾತಿನಲ್ಲೂ ಹೇಳುತ್ತಿಲ್ಲ. ನಿನ್ನೆ ಸಿಖ್ ಮತದಾರರು ಹೆಚ್ಚಿರುವ ಬ್ರಾಂಪ್ಟನ್ ಮತ್ತು ಸರ್ರೆಯ ಮುಲಾಜಿಗೆ ಬಿದ್ದು ದೆಹಲಿಯನ್ನು ದೂರ ಮಾಡಿಕೊಂಡೆವು, ಇಂದು ಮಾರುಕಟ್ಟೆಯ ಮುಲಾಜಿಗೆ ಬಿದ್ದು ದೆಹಲಿಗೆ ಹೇಳಬೇಕಾದ್ದನ್ನು ನುಂಗುತ್ತಿದ್ದೇವೆ. ಎರಡರಲ್ಲೂ ದೆಹಲಿ ನಮ್ಮನ್ನು ಅಳೆಯುವುದು ಒಂದೇ ಅಳತೆಯಲ್ಲಿ. ನನಗೆ ಭಾರತದ ಅಧಿಕಾರಿಗಳ ಸ್ವಭಾವ ಕೊಂಚ ಗೊತ್ತು, ಸ್ವಾಮಿ. ಎದುರು ನಿಂತು ನಿಷ್ಠುರವಾಗಿ ಮಾತಾಡಿದವನನ್ನು ಅವರು ಬೈಯುತ್ತಾರೆ, ಆದರೆ ನೆನಪಿಟ್ಟುಕೊಳ್ಳುತ್ತಾರೆ. ಗಾಳಿ ಬಂದ ಕಡೆ ತೂರಿಕೊಳ್ಳುವವನಿಗೆ ಚಹಾ ಕೊಟ್ಟು ಕಳಿಸುತ್ತಾರೆ.

ಚೀನಾದ ವಿಷಯದಲ್ಲೂ ಇದೇ ಪಾಡು. 2018ರಲ್ಲಿ ಅಮೆರಿಕ ಕೇಳಿತೆಂದು ವ್ಯಾಂಕೂವರಿನಲ್ಲಿ ಚೀನಾದ ಹುವಾವೇ ಕಂಪನಿಯ ಅಧಿಕಾರಿ ಮೆಂಗ್ ವಾನ್‌ಜೌ ಅವರನ್ನು ಬಂಧಿಸಿದೆವು. ಅದಕ್ಕೆ ಪ್ರತಿಯಾಗಿ ನಮ್ಮ ಇಬ್ಬರು ಪೌರರು, ಮೈಕೇಲ್ ಕೋವ್ರಿಗ್ ಮತ್ತು ಮೈಕೇಲ್ ಸ್ಪೇವರ್, ಚೀನಾದ ಜೈಲಿನಲ್ಲಿ ಸಾವಿರಕ್ಕೂ ಹೆಚ್ಚು ದಿನ ಕಳೆದರು. 2024ರಲ್ಲಿ ಅಮೆರಿಕವನ್ನು ಅನುಸರಿಸಿ ಚೀನಾದ ವಿದ್ಯುತ್ ಕಾರುಗಳಿಗೆ ಶೇ 100 ಸುಂಕ ಹಾಕಿದೆವು. ಚೀನಾ ನಮ್ಮ ಕನೋಲಾ (ಸಾಸಿವೆ ಜಾತಿಯ ಬೆಳೆ) ಎಣ್ಣೆಗೆ, ಬಟಾಣಿಗೆ ಅಷ್ಟೇ ಸುಂಕ ಹಾಕಿ ಪಶ್ಚಿಮದ ಪ್ರೇರಿ ಬಯಲಿನ ರೈತರ ಬೆನ್ನು ಮುರಿಯಿತು. ಕಳೆದ ತಿಂಗಳು ನೀವು ಬೀಜಿಂಗಿಗೆ ಹೋಗಿ 49,000 ಕಾರುಗಳಿಗೆ ಶೇ 6.1ರ ಸುಂಕದಲ್ಲಿ ಬಾಗಿಲು ತೆರೆದಿರಿ, ಬದಲಿಗೆ ಕನೋಲಾ ಬೀಜದ ಸುಂಕ ಇಳಿಸುವ ಮಾತು ಪಡೆದಿರಿ. ಸಸ್ಕ್ಯಾಚೆವನ್ ರೈತನಿಗೆ ನೆಮ್ಮದಿ, ನನ್ನ ಕಾರ್ಖಾನೆಯ ಊಟದ ಕೋಣೆಯಲ್ಲಿ ಗಲಾಟೆ. ಕೆಲವೇ ದಿನಕ್ಕೆ ಟ್ರಂಪ್ ಶೇ 100 ಸುಂಕದ ಬೆದರಿಕೆ ಹಾಕಿದರು. ಆಗ ನೀವು, ಚೀನಾದ ಜೊತೆ ಮುಕ್ತ ವ್ಯಾಪಾರ ಒಪ್ಪಂದದ ಇರಾದೆಯೇ ಇಲ್ಲ ಎಂದು ಸ್ಪಷ್ಟನೆ ಕೊಟ್ಟಿರಿ. ದಾವೋಸ್‌ನ ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು.

ಇದಕ್ಕೂ ಮುಂಚಿನ ಎರಡು ಘಟನೆ ನೆನಪಿಸಿದರೆ ಬೇಸರಿಸಬೇಡಿ. 2025ರ ಜೂನ್ ಕೊನೆಗೆ ದೊಡ್ಡ ಟೆಕ್ ಕಂಪನಿಗಳ ಮೇಲಿನ ಡಿಜಿಟಲ್ ಸೇವಾ ತೆರಿಗೆಯನ್ನು ಮೊದಲ ಪಾವತಿಯ ಹಿಂದಿನ ರಾತ್ರಿ ಕೈಬಿಟ್ಟಿರಿ, ಅಮೆರಿಕದ ಜೊತೆ ಮಾತುಕತೆ ಮುಂದುವರಿಯಲೆಂದು. ಆಗಸ್ಟ್ 1ಕ್ಕೆ ಅಮೆರಿಕದ ಸುಂಕ ಶೇ 35ಕ್ಕೆ ಏರಿತು. ಒಂಟಾರಿಯೊ ಸರ್ಕಾರ ಅಮೆರಿಕದ ಮಾಜಿ ಅಧ್ಯಕ್ಷ ರೇಗನ್ ಅವರ ಹಳೆಯ ಭಾಷಣ ಬಳಸಿ ಜಾಹೀರಾತು ಕೊಟ್ಟಾಗ ಟ್ರಂಪ್ ಮಾತುಕತೆಯನ್ನೇ ಮುರಿದರು, ನೀವು ಕ್ಷಮೆ ಕೇಳಿದಿರಿ. ರೇಗನ್ ಸುಂಕದ ವಿರುದ್ಧ ಮಾತಾಡಿದ್ದು ಸುಳ್ಳಾಗಿರಲಿಲ್ಲವಲ್ಲ. ಬಡಪಾಯಿ ಒಕ್ಕಲು ಒಡೆಯನ ಮನೆಯಂಗಳದಲ್ಲಿ ತನ್ನದಲ್ಲದ ತಪ್ಪಿಗೆ ಕೈಕಟ್ಟಿ ನಿಲ್ಲುವುದನ್ನು ಅಜ್ಜನ ಕಾಲದ ಕಥೆಯಾಗಿ ಕೇಳಿದ್ದೆ.

ಮಾರುಕಟ್ಟೆ ಹರಡಿಕೊಳ್ಳುವ ಆಲೋಚನೆ ಹೊಸದೇನಲ್ಲ. 1971ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಆಮದಿನ ಮೇಲೆ ಶೇ 10 ಹೆಚ್ಚುವರಿ ಸುಂಕ ಹಾಕಿದರು, ಕೆನಡಾಕ್ಕೂ ವಿನಾಯಿತಿ ಕೊಡಲಿಲ್ಲ. ಮರುವರ್ಷ ನಮ್ಮ ವಿದೇಶಾಂಗ ಸಚಿವ ಮಿಚೆಲ್ ಶಾರ್ಪ್ 'ಮೂರನೇ ದಾರಿ' ಎಂಬ ನೀತಿ ಮುಂದಿಟ್ಟರು: ಅಮೆರಿಕದ ಮೇಲಿನ ಅವಲಂಬನೆ ಕಡಿಮೆಯಾಗಬೇಕು, ಯುರೋಪು ಮತ್ತು ಜಪಾನಿನ ಕಡೆ ತಿರುಗಬೇಕು. ಆಗ ನಮ್ಮ ರಫ್ತಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅಮೆರಿಕಕ್ಕೆ ಹೋಗುತ್ತಿತ್ತು. 2024ರಲ್ಲಿ ಎಷ್ಟು? ನಾಲ್ಕರಲ್ಲಿ ಮೂರು ಪಾಲು. ಬೈದವನ ಮನೆಗೇ ಮತ್ತೆ ಹೋದೆವು, ಏಕೆಂದರೆ ರಸ್ತೆ, ರೈಲು, ಕೊಳವೆ, ಬ್ಯಾಂಕು ಎಲ್ಲವೂ ದಕ್ಷಿಣಕ್ಕೇ ಮುಖ ಮಾಡಿದ್ದವು. ನಿಕ್ಸನ್ ಸುಂಕ ನಾಲ್ಕು ತಿಂಗಳಿಗೆ ಹೋಯಿತು, ಅದರೊಂದಿಗೆ ನಮ್ಮ ಹಟವೂ ಹೋಯಿತು. ಹತ್ತು ವರ್ಷದಲ್ಲಿ ಅಮೆರಿಕದಾಚೆಯ ರಫ್ತನ್ನು ಎರಡು ಪಟ್ಟು ಮಾಡುವುದಾಗಿ ನೀವು ಹೇಳಿದ್ದೀರಿ. ನಾಳೆ ಟ್ರಂಪ್ ಮನಸ್ಸು ಬದಲಿಸಿ ಸುಂಕ ಎತ್ತಿದರೆ, ಅಥವಾ ಅಮೆರಿಕ, ಮೆಕ್ಸಿಕೊ ಜೊತೆಗಿನ ವ್ಯಾಪಾರ ಒಪ್ಪಂದದ ಈ ಜುಲೈನ ಪರಿಶೀಲನೆ ಸುಸೂತ್ರವಾಗಿ ಮುಗಿದರೆ, ಆ ಮಾತು ನೆನಪಿರುತ್ತದೆಯೇ? ನಾನು ಕಾಯುತ್ತಿರುವುದು ಆ ದಿನಕ್ಕೆ. ಕಷ್ಟದಲ್ಲಿ ಹೊಸ ನೆಂಟರನ್ನು ಎಲ್ಲರೂ ಹುಡುಕುತ್ತಾರೆ.

ನನ್ನ ಅನುಮಾನಕ್ಕೆ ಕಾರಣ ಮನೆಯ ಹತ್ತಿರವೇ ಇದೆ. ಡಾರ್ಲಿಂಗ್ಟನ್‌ನಲ್ಲಿ ಈಗ ಹೊಸ ಸಣ್ಣ ರಿಯಾಕ್ಟರುಗಳು ಏಳುತ್ತಿವೆ. ನಾಲ್ಕಕ್ಕೆ 2,090 ಕೋಟಿ ಕೆನಡಾ ಡಾಲರ್ ಅಂದಾಜು. ಕ್ಯಾಂಡು ರಿಯಾಕ್ಟರಿನ ದೊಡ್ಡ ಗುಣವೇ ಅದು ನೆಲದಿಂದ ತೆಗೆದ ಸಹಜ ಯುರೇನಿಯಂನಿಂದ ನಡೆಯುವುದು, ಯಾರ ಹಂಗೂ ಇಲ್ಲ. ಹೊಸವು ಅಮೆರಿಕದ ವಿನ್ಯಾಸದವು, ಅವಕ್ಕೆ ಸಂವರ್ಧಿತ, ಅಂದರೆ ಸಂಸ್ಕರಿಸಿ ಸತ್ವ ಹೆಚ್ಚಿಸಿದ, ಯುರೇನಿಯಂ ಬೇಕು, ಅದನ್ನು ಕೆನಡಾ ತಯಾರಿಸುವುದಿಲ್ಲ. ಯುರೇನಿಯಂ ಗಣಿಗಳಲ್ಲಿ ಜಗತ್ತಿಗೇ ಮುಂಚೂಣಿಯಲ್ಲಿರುವ ದೇಶ, ತನ್ನ ಹೊಸ ಒಲೆಗೆ ಸೌದೆಯನ್ನು ಹೊರಗೆ ಸೀಳಿಸಿಕೊಂಡು ಬರಬೇಕು. ಅಮೆರಿಕದ 88 ಎಫ್–35 ಯುದ್ಧವಿಮಾನಗಳ ಖರೀದಿಯನ್ನು ಮರುಪರಿಶೀಲಿಸುವುದಾಗಿ 2025ರ ಮಾರ್ಚಿನಲ್ಲೇ ಹೇಳಿದ್ದಿರಿ. ಅದರ ಫಲಿತಾಂಶವನ್ನು ನಾವಿನ್ನೂ ನೋಡಿಲ್ಲ. ಭಾಷಣದಲ್ಲಿ ಬೋರ್ಡು ಇಳಿಸುವುದು ಒಂದು ಸಂಜೆಯ ಕೆಲಸ. ಅಂಗಡಿಗೆ ಬೇರೆ ಕಡೆಯಿಂದ ಸರಕು ತರುವುದು ಮೂವತ್ತು ವರ್ಷದ ಕೆಲಸ.

ಮಧ್ಯಮ ಶಕ್ತಿಯ ದೇಶಗಳು ಒಂದಾಗಬೇಕೆಂದು ಅದೇ ದಾವೋಸ್ ಭಾಷಣದಲ್ಲಿ ಹೇಳಿದಿರಿ. ಒಂದಾಗಲು ಉಳಿದವರಿಗೆ ನಮ್ಮ ಮೇಲೆ ಭರವಸೆ ಬೇಕಲ್ಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಸದಸ್ಯತ್ವಕ್ಕೆ 2010ರಲ್ಲಿ ನಿಂತು ಸೋತೆವು, 2020ರಲ್ಲಿ ಮತ್ತೆ ಸೋತೆವು. ಬಡ ದೇಶಗಳ ನೆರವಿಗೆ ರಾಷ್ಟ್ರೀಯ ಆದಾಯದ ಶೇ 0.7 ಕೊಡಬೇಕೆಂದು ಜಗತ್ತಿಗೆ ಹೇಳಿಕೊಟ್ಟದ್ದು ನಮ್ಮದೇ ಮಾಜಿ ಪ್ರಧಾನಿ ಲೆಸ್ಟರ್ ಪಿಯರ್ಸನ್ ಅಧ್ಯಕ್ಷತೆಯ ಆಯೋಗ. ಅದನ್ನು ಒಂದು ವರ್ಷವೂ ಮುಟ್ಟದ ದೇಶ ನಮ್ಮದು. ನಿಮ್ಮ ನವೆಂಬರ್ ಬಜೆಟ್ಟು ಇದ್ದದ್ದರಲ್ಲೂ ನಾಲ್ಕು ವರ್ಷಕ್ಕೆ 270 ಕೋಟಿ ಡಾಲರ್ ಕತ್ತರಿಸಿತು. ಸೂಯೆಜ್ ಬಿಕ್ಕಟ್ಟಿನಲ್ಲಿ ಶಾಂತಿಪಾಲನೆಯನ್ನು ರೂಪಿಸಿ ಪಿಯರ್ಸನ್ ನೊಬೆಲ್ ಪಡೆದರೆಂದು ಶಾಲೆಯಲ್ಲಿ ನನ್ನ ಮಗಳಿಗೆ ಪಾಠವಿದೆ. ಈಗ ವಿಶ್ವಸಂಸ್ಥೆಯ ಶಾಂತಿಪಾಲಕರ ನೀಲಿ ಟೋಪಿ ಹಾಕಿರುವ ಕೆನಡಾದವರು ನೂರು ಮಂದಿಯೂ ಇಲ್ಲ ಎಂದರೆ ಅವಳು ನಂಬಲಿಲ್ಲ. ಇವೂ ಬೋರ್ಡುಗಳೇ, ಪ್ರಧಾನಿಗಳೇ. ಯಾರ ಒತ್ತಾಯವೂ ಇಲ್ಲದೆ ನಾವೇ ಬರೆಸಿ ತೂಗುಹಾಕಿಕೊಂಡವು.

ಮುಲಾಜಿಲ್ಲದೆ ನಡೆದ ಕಾಲವೂ ನಮ್ಮಲ್ಲಿದೆ. ಪ್ರಧಾನಿಯಾಗಿದ್ದ ಬ್ರಯನ್ ಮಲ್ರೋನಿ ದಕ್ಷಿಣ ಆಫ್ರಿಕಾದ ವರ್ಣಭೇದದ ವಿಷಯದಲ್ಲಿ ತನ್ನ ಮಿತ್ರರಾದ ರೇಗನ್‌ಗೂ ಥ್ಯಾಚರ್‌ಗೂ ಎದುರು ನಿಂತರು. 2003ರಲ್ಲಿ ಪ್ರಧಾನಿ ಜಾನ್ ಕ್ರೆಟಿಯನ್ ಇರಾಕ್ ಯುದ್ಧಕ್ಕೆ ಬರುವುದಿಲ್ಲ ಎಂದರು. ಆಕಾಶ ಕಳಚಿ ಬೀಳಲಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ದೆಹಲಿಯ ಜೊತೆ ಮಸೂರ, ಬಟಾಣಿ, ಯುರೇನಿಯಂ, ವಿದ್ಯಾರ್ಥಿಗಳ ಬಗ್ಗೆ ಮಾತಾಡುವ ಮೇಜಿನ ಮೇಲೆಯೇ ಸರ್ರೆಯ ಕಡತವೂ ಇರಲಿ, ಮುಚ್ಚುಮರೆಯಿಲ್ಲದೆ. ಅವರು ಉಗ್ರರ ಹಣ, ಬೆದರಿಕೆಗಳ ಬಗ್ಗೆ ತರುವ ಕಡತವನ್ನೂ ಚುನಾವಣೆಯ ಕನ್ನಡಕ ತೆಗೆದಿಟ್ಟು ಓದಿ. ಮುಂದಿನ ಸಲ ಜಗಳವಾದರೆ, ಆಗಿಯೇ ಆಗುತ್ತದೆ, ಹೈಕಮಿಷನರ್‌ಗಳು ಪರಸ್ಪರ ಬೈದುಕೊಳ್ಳಲಿ. ಬೆಂಗಳೂರಿನ ಕಾನ್ಸುಲೇಟಿನ ಕಿಟಕಿ ಮಾತ್ರ ಮುಚ್ಚದ ಹಾಗೆ ಈಗಲೇ ಲಿಖಿತ ವ್ಯವಸ್ಥೆ ಮಾಡಿಕೊಳ್ಳಿ. ವಿಮೆ, ಸಾಫ್ಟ್‌ವೇರ್, ಬಾಹ್ಯಾಕಾಶದ ಕೆಲಸ ನಡೆಯುವ ಊರು ಅದು, ಯಲ್ಲಾಪುರದಿಂದ ವೀಸಾಕ್ಕೆ ಓಡಾಡುವ ಅಮ್ಮಂದಿರಿಗೂ ಅದೇ ಊರು. ಅಮೆರಿಕದ ಸುಂಕ ಇಳಿದ ದಿನ ಹೊಸ ಬಂದರು, ಹೊಸ ರೈಲುಹಳಿಯ ಹಣ ಕತ್ತರಿಸುವುದಿಲ್ಲವೆಂದು ಸಂಸತ್ತಿನಲ್ಲಿ ಒಂದು ಮಾತು ಕೊಡಿ.

ಈ ಪತ್ರವನ್ನು ಮಗಳು ಇಂಗ್ಲಿಷಿಗೆ ತಿರುಗಿಸಿದ್ದಾಳೆ. ಎರಡನ್ನೂ ಒಂದೇ ಲಕೋಟೆಯಲ್ಲಿ ಇಟ್ಟಿದ್ದೇನೆ. ಮುಲಾಜು ಎಂಬ ಮಾತಿಗೆ ಅವಳು ಒಂದು ಗಂಟೆ ತಡಕಾಡಿ, ಸರಿಯಾದದ್ದು ಸಿಗದೆ, ಹಾಗೆಯೇ ಬಿಟ್ಟಿದ್ದಾಳೆ. ನಿಮ್ಮ ಕಚೇರಿಯವರಿಗೆ ಅಲ್ಲಿ ತೊಡಕಾದರೆ ಆ ಮಾತಿನ ಅರ್ಥ ಬಿಡಿಸಿಟ್ಟ ಪ್ಯಾರಾ ನೋಡಲು ಹೇಳಿ. ಸಂಸದರಿಗೆ ಕಳಿಸುವ ಪತ್ರಕ್ಕೆ ಈ ದೇಶದಲ್ಲಿ ಅಂಚೆಚೀಟಿ ಹಚ್ಚಬೇಕಿಲ್ಲ, ಆದ್ದರಿಂದ ಹಚ್ಚಿಲ್ಲ.

ಇತಿ ನಿಮ್ಮ ವಿಶ್ವಾಸಿ,
ಬೋಮನ್‌ವಿಲ್‌ನ ಒಬ್ಬ ಮತದಾರ